ಒಳಗೊಳ್ಳೋದು, ಒಳಗಾಗೋದು

ಕನ್ನಡ ಬಲ್ಲವರು ಕಡಿಮೆ ಇರೋ ಕಂಪನಿಯಲ್ಲಿ ಕನ್ನಡ ಬಲ್ಲವನಿಗೆ ಒಂದು ಹೆಚ್ಚುವರಿ ಕೆಲಸ ಗಂಟುಬೀಳುತ್ತೆ. ನವೆಂಬರ್ ಬಂತು ಅಂದ್ರೆ ಪೋಸ್ಟರ್ ಅನುವಾದ. ಒಂದು ವರ್ಷ ಎಚ್‌ಆರ್‌ನವರು ಕಳಿಸಿದ್ದರಲ್ಲಿ ಇದ್ದದ್ದು ಎರಡೇ ಪದ: ಡೈವರ್ಸಿಟಿ ಮತ್ತು ಇನ್‌ಕ್ಲೂಷನ್. ಮೊದಲನೆಯದಕ್ಕೆ 'ವೈವಿಧ್ಯ' ಅಂತ ಬರೆದೆ. ಎರಡನೆಯದಕ್ಕೆ ಪೇಪರಿನವರು ಬಳಸೋ 'ಒಳಗೊಳ್ಳುವಿಕೆ' ಹಾಕಿದೆ. ಪೋಸ್ಟರು ಲಿಫ್ಟಿನ ಪಕ್ಕ ಅಂಟಿಕೊಂಡಿತು, ಪದ ನನ್ನ ತಲೆಗೆ ಅಂಟಿಕೊಂಡಿತು.

'ಒಳಗೊಳ್ಳು' ಅನ್ನೋದನ್ನ ಬಿಡಿಸಿ ನೋಡಿ. ಒಳಗೆ, ಕೊಳ್ಳು. ಕೊಳ್ಳು ಅಂದ್ರೆ ತಗೋ, ತನ್ನದಾಗಿಸಿಕೋ. ಈ ಕ್ರಿಯಾಪದದ ಕರ್ತೃ ಯಾವಾಗಲೂ ಪಾತ್ರೆ, ಒಳಗೆ ಬರೋ ವಸ್ತು ಅಲ್ಲ. ಹಳಿಯಾಳ ತಾಲೂಕು ಇಷ್ಟು ಹಳ್ಳಿಗಳನ್ನು ಒಳಗೊಂಡಿದೆ ಅಂತೀವಿ. ತಾಲೂಕು ಒಳಗೊಳ್ಳುತ್ತೆ, ಹಳ್ಳಿ ಸುಮ್ಮನಿರುತ್ತೆ. ಹಳ್ಳಿ ಏನಾದರೂ ಮಾಡುತ್ತೆ ಅಂದರೆ ಅದಕ್ಕೆ ಇರೋದು ಇನ್ನೊಂದು ಪದ: 'ಒಳಗಾಗು'. ಆ ಪದ ಎಲ್ಲೆಲ್ಲಿ ಬರುತ್ತೆ ನೆನಪಿಸಿಕೊಳ್ಳಿ. ಟೀಕೆಗೆ ಒಳಗಾದ. ತನಿಖೆಗೆ ಒಳಗಾದ. ಶಸ್ತ್ರಚಿಕಿತ್ಸೆಗೆ ಒಳಗಾದ. ದೌರ್ಜನ್ಯಕ್ಕೆ ಒಳಗಾದಳು. ಸರ್ಕಾರಿ ಕನ್ನಡದಲ್ಲಿ ಇದರ ತಮ್ಮ ಒಬ್ಬನಿದ್ದಾನೆ, 'ಒಳಪಡು'. ನಿಯಮಕ್ಕೆ ಒಳಪಟ್ಟು, ಷರತ್ತಿಗೆ ಒಳಪಟ್ಟು. ಸಾಲದ ಅರ್ಜಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇರೋದು ಅದೇ.

ಅಂದರೆ ಒಳಗೆ ಹೋಗೋಕೆ ನಮ್ಮ ಭಾಷೆಯಲ್ಲಿ ಎರಡು ದಾರಿ. ಒಂದರಲ್ಲಿ ಮನೆ ನಿಮ್ಮನ್ನ ತನ್ನದು ಅಂತ ತಗೊಳ್ಳುತ್ತೆ. ಇನ್ನೊಂದರಲ್ಲಿ ನೀವು ಮನೆಯ ಹಿಡಿತಕ್ಕೆ ಸಿಗ್ತೀರಿ. ಎರಡೂ ಆದಮೇಲೆ ನೀವು ನಿಂತಿರೋ ಜಾಗ ಒಂದೇ, ಒಳಗೆ. ಪೋಸ್ಟರು ಓದಿದವರಿಗೆ ಯಾವ ದಾರಿಯಲ್ಲಿ ಬಂದಿದ್ದೀವಿ ಅಂತ ಗೊತ್ತಾಗೋದು ಹೇಗೆ? ನನ್ನ ಪ್ರಶ್ನೆ ಇಷ್ಟೇ.

ಈ 'ಒಳ' ಬಹಳ ಹಳೆಯ ಪದ. ಎಷ್ಟು ಹಳೆಯದು ಅಂದ್ರೆ, 5ನೇ ಶತಮಾನದ್ದು ಅಂತ ಸಾಮಾನ್ಯವಾಗಿ ಹೇಳೋ ಹಲ್ಮಿಡಿ ಶಾಸನದಲ್ಲಿ 'ನಾಡುಳ್' ಅಂತ ಬರುತ್ತೆ, ನಾಡಿನಲ್ಲಿ ಅನ್ನೋ ಅರ್ಥಕ್ಕೆ. ಆ 'ಉಳ್' ಮುಂದೆ 'ಒಳ್' ಆಯಿತು. 13ನೇ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಸಪ್ತಮೀ ವಿಭಕ್ತಿಯ ಪ್ರತ್ಯಯ ಅಂತ ಕೊಡೋದು ಇದೇ 'ಒಳ್' ಅನ್ನ. ತಮಿಳಲ್ಲಿ 'ಉಳ್' ಅಂದ್ರೆ ಒಳಗೆ, 'ಉಳ್ಳಂ' ಅಂದ್ರೆ ಮನಸ್ಸು. ತೆಲುಗಿನವರ 'ಲೋ' ಕೂಡ ಇದೇ ಬೇರಿನದು, ಸ್ವರ ಆಚೀಚೆ ಜಿಗಿದು ಹಾಗಾಗಿದೆ. ಹೈದರಾಬಾದಿನ ಸಹೋದ್ಯೋಗಿ ಫೋನಿನಲ್ಲಿ 'ಆಫೀಸ್‌ಲೋ ಉನ್ನಾನು' ಅಂದಾಗ ಅವನೂ ನಾನೂ ಸಾವಿರಾರು ವರ್ಷದ ಹಿಂದಿನ ಒಂದೇ ಬಾಗಿಲಿನಿಂದ ಒಳಗೆ ಬಂದವರು.

ಪಕ್ಕದಲ್ಲೇ ಇನ್ನೊಂದು 'ಉಳ್' ಇದೆ. ಇರು, ಹೊಂದಿರು ಅನ್ನೋ ಅರ್ಥದ್ದು. 'ಉಳ್ಳವರು' ಬಂದದ್ದು ಅದರಿಂದ. ಬರೋ ಮತ್ತು ಎಮೆನೋ ಅವರ ದ್ರಾವಿಡ ನಿಘಂಟು ಇವೆರಡನ್ನ ಅಕ್ಕಪಕ್ಕದ ಎರಡು ಬೇರೆ ನಮೂದುಗಳಾಗಿ ಇಡುತ್ತೆ, ಒಂದೇ ಅಂತ ಕಟ್ಟಿಹಾಕೋದಿಲ್ಲ. ಪಂಡಿತರು ಬೇರೆ ಅಂದದ್ದನ್ನ ನಾನು ಒಂದು ಮಾಡಲ್ಲ. ಆದರೆ ಒಳಗಿರೋರೇ ಉಳ್ಳವರು ಅನ್ನೋದು ಭಾಷಾಶಾಸ್ತ್ರದಲ್ಲಿ ಸಿದ್ಧವಾಗದಿದ್ದರೂ ನಮ್ಮ ಊರಲ್ಲಿ ಸಿದ್ಧವಾಗಿದೆ.

ನಮ್ಮ ಕಡೆಯ ಮಾತಿನಲ್ಲಿ ಈ 'ಒಳ' ಇನ್ನೂ ಜೀವಂತ. ಬೆಂಗಳೂರಿನವರು 'ಮನೇಲಿ' ಅಂತಾರೆ, ಮನೆಯಲ್ಲಿ. ಅದರ ಬಾಲದಲ್ಲಿರೋ 'ಅಲ್ಲಿ' ದೂರದಿಂದ ಬೊಟ್ಟು ಮಾಡಿ ತೋರಿಸೋ ಪದ. ಹಳಿಯಾಳದಲ್ಲಿ ನಾವು 'ಮನ್ಯಾಗ' ಅಂತೀವಿ. ಮನೆಯೊಳಗೆ ಅನ್ನೋದೇ ಸವೆದು ಸವೆದು ಹಾಗಾಗಿದೆ. ಊರಾಗ, ಹೊಲದಾಗ, ಬಸ್ಸಿನ್ಯಾಗ, ಮನಸಿನ್ಯಾಗ. ಎಲ್ಲದಕ್ಕೂ ಒಂದು ಒಳಗು ಇದೆ ಅಂತ ನಂಬಿದ ಭಾಷೆ ಅದು. ಮಳೆ ಕೂಡ ನಮಗೆ ಒಂದು ಕೋಣೆ, 'ಮಳ್ಯಾಗ ಬಂದೆ' ಅಂತೀವಿ.

ಹಾಗಂತ ಒಳಗೆ ಅನ್ನೋದು ಒಂದು ಜಾಗ ಅಂದುಕೊಂಡರೆ ಕೆಟ್ಟೆವು. ಯಾವುದು ಯಾವುದರ ಒಳಗೆ ಅನ್ನೋ ಗೊಂದಲವನ್ನ ಕನಕದಾಸರು ಒಂದು ಇಡೀ ಕೀರ್ತನೆ ಮಾಡಿ ಹಾಡಿದ್ದಾರೆ, ನೀವೂ ಕೇಳಿರ್ತೀರಿ. ಅವರದು ತತ್ವದ ಪ್ರಶ್ನೆ. ನನ್ನ ಪ್ರಶ್ನೆ ಅಷ್ಟು ಎತ್ತರದ್ದಲ್ಲ, ಹೊಸ್ತಿಲ ಎತ್ತರದ್ದು. ಒಂದು ಗೋಡೆ ಎಬ್ಬಿಸಿದರೆ ಎರಡು ಬದಿ ಆಗುತ್ತೆ, ಅಷ್ಟೇ. ಯಾವ ಬದಿ ಒಳಗೆ ಅಂತ ಗೋಡೆ ಹೇಳಲ್ಲ. 'ಒಳಗ ಬಾ' ಅನ್ನೋ ಹಕ್ಕು ಯಾರಿಗಿದೆಯೋ ಅವರು ನಿಂತ ಬದಿ ಒಳಗೆ.

ನಮ್ಮ ಹಳೇ ಮನೆ ಇದನ್ನ ನನಗೆ ಕಲಿಸಿದ್ದು. ಧಾರವಾಡ ಸೀಮೆಯ ಮನೆಗಳನ್ನ ಕಂಡವರಿಗೆ ಗೊತ್ತು, ತಲೆಬಾಗಿಲು ದಾಟಿದ ಕೂಡಲೇ ಸಿಗೋದು ದನ. ಎಡಕ್ಕೆ ತಗ್ಗಿನಲ್ಲಿ ಗ್ವಾದ್ಲಿ, ಸಾಲಾಗಿ ಕಟ್ಟಿದ ಎತ್ತು, ಎಮ್ಮಿ. ಅದಕ್ಕೆ ಎದುರು ಎರಡು ಮೆಟ್ಟಿಲು ಎತ್ತರದಲ್ಲಿ ಪಡಸಾಲಿ. ಅದರ ಹಿಂದೆ ನಡುಮನಿ, ಬದಿಗೊಂದು ಕತ್ತಲೆಯ ಖೋಲಿ (ಗಡಿಗೆ ಹತ್ತಿರ ಇರೋರು ನಾವು, ಕೋಣೆಗೆ ಮರಾಠಿ ಪದವನ್ನೇ ಬಳಸ್ತೀವಿ), ಆಮೇಲೆ ಅಡಗಿಮನಿ, ಅದರ ಮೂಲೆಯಲ್ಲಿ ದೇವರ ಜಗಲಿ. ಒಳಗಿನ ಒಳಗೆ, ಅದರ ಒಳಗೆ. ನಮ್ಮ ಕೋಡಿನಲ್ಲಿ ಬ್ರ್ಯಾಕೆಟ್ಟಿನೊಳಗೆ ಬ್ರ್ಯಾಕೆಟ್ ಹಾಕಿದ ಹಾಗೆ. ಪಡಸಾಲಿಗೆ ಬರೋರು ನಡುಮನಿಗೆ ಬರಲ್ಲ, ನಡುಮನಿಗೆ ಬರೋ ಬೀಗರು ಅಡಗಿಮನಿಗೆ ಬರಲ್ಲ. ಯಾರೂ ಬೋರ್ಡು ಹಾಕಿರಲಿಲ್ಲ, ಎಲ್ಲರಿಗೂ ತಮ್ಮ ಕಾಲು ಎಲ್ಲಿ ನಿಲ್ಲಬೇಕು ಅಂತ ಗೊತ್ತಿತ್ತು.

ತಲೆಬಾಗಿಲ ಹೊರಗೆ ಕಟ್ಟಿ. ಕಟ್ಟಿಯ ಕೆಳಗೆ ಆಯಿ ಕೂರ್ತಿದ್ದಳು. ಊರ ಅಗಸಿಯಿಂದ ಆಚೆ ಇರೋ ಕೇರಿಯಿಂದ ನಮ್ಮ ಗದ್ದೆಗೆ, ಕಬ್ಬಿಗೆ ಮೂವತ್ತು ವರ್ಷಕ್ಕೂ ಹೆಚ್ಚು ಬಂದವಳು. ನಾನು ಹುಟ್ಟೋ ಮುಂಚೆಯೂ ಬರ್ತಿದ್ದಳು. ನಾನು ಅವಳನ್ನ ಆಯಿ ಅಂತೀನಿ, ಅವಳು ನಮ್ಮವ್ವನನ್ನ ಅವ್ವಾರು ಅಂತಾಳೆ, ವಯಸ್ಸಿನಲ್ಲಿ ಹದಿನೈದು ವರ್ಷ ದೊಡ್ಡವಳಾದರೂ. ಹೊರಗೋಡೆಯಲ್ಲಿ ಒಂದು ಮಾಡ ಇತ್ತು, ದೀಪ ಇಡೋವಂಥ ಗೂಡು. ಅದರಲ್ಲಿ ದೀಪ ಇರ್ತಿರಲಿಲ್ಲ, ಒಂದು ಕಪ್ಪು ಇರ್ತಿತ್ತು. ಆಯಿ ಬಂದಾಗ ತಾನೇ ಅದನ್ನ ತಗೊಂಡು, ಚಹಾ ಎತ್ತರದಿಂದ ಹೊಯ್ಯಿಸಿಕೊಂಡು, ಕುಡಿದು, ತೊಳೆದು ಮತ್ತೆ ಮಾಡದಲ್ಲಿ ಇಡ್ತಿದ್ದಳು. ಗೋಡೆಯ ಆ ಬದಿಗೆ ಎಮ್ಮಿ ಮೆಲುಕು ಹಾಕ್ತಿತ್ತು. ಎಮ್ಮಿ ಒಳಗೆ, ಆಯಿ ಹೊರಗೆ. ಇದನ್ನ ವಿವರಿಸೋಕೆ ತತ್ವಶಾಸ್ತ್ರ ಬೇಕಿಲ್ಲ, ಸುಮ್ಮನೆ ಆ ಮನೆಯ ನಕ್ಷೆ ಬರೆದರೆ ಸಾಕು.

ತಮಾಷೆ ಅಂದ್ರೆ ಹೊರಗಿನವಳಾದ ಆಯಿಗೆ ನಮ್ಮ ಒಳಗಿನದೆಲ್ಲ ಗೊತ್ತಿತ್ತು. ಅಪ್ಪನ ಸಾಲ, ಚಿಕ್ಕಪ್ಪನ ಕುಡಿತ, ಅಕ್ಕನ ಲಗ್ನ ಯಾಕೆ ಮುರಿಯಿತು, ಎಲ್ಲ. ನಮಗೆ ಅವಳ ಮನೆಯ ಬಾಗಿಲು ಯಾವ ದಿಕ್ಕಿಗಿದೆ ಅಂತಲೂ ಗೊತ್ತಿರಲಿಲ್ಲ. ಪ್ರೋಗ್ರಾಮಿಂಗ್‌ನಲ್ಲಿ ಇದಕ್ಕೆ ತದ್ವಿರುದ್ಧ: ಒಳಗಿನ ಬ್ಲಾಕಿಗೆ ಹೊರಗಿನದೆಲ್ಲ ಕಾಣುತ್ತೆ, ಹೊರಗಿನದಕ್ಕೆ ಒಳಗಿನದು ಕಾಣಲ್ಲ. ಊರು ಬರೆದವನು ಬೇರೆ ನಿಯಮ ಬರೆದಿದ್ದ.

ಅದೇ ಮನೆಯಲ್ಲಿ ತಿಂಗಳಿಗೆ ಮೂರು ದಿನ ಅವ್ವನೂ ಅಕ್ಕನೂ 'ಹೊರಗಾಗ್ತಿದ್ದರು'. ಹಾಗೇ ಅಂತಿದ್ದದ್ದು: 'ಹೊರಗಾಗ್ಯಾಳ'. ನಡುಮನಿಯ ಬದಿಯ ಖೋಲಿಯಲ್ಲೇ ಮಲಗ್ತಿದ್ದರು, ಸೂರಿನ ಕೆಳಗೇ ಇದ್ದರು, ಆದರೂ ಹೊರಗೆ. ಗೋಡೆಯೂ ಬೇಡ, ಹೊಸ್ತಿಲೂ ಬೇಡ, ಒಂದು ಮಾತು ಸಾಕು. ಚಿಕ್ಕವನಿದ್ದಾಗ ನನಗೆ ಅರ್ಥ ಆಗದೆ ಇದ್ದದ್ದು ಇದು: ಅಡಗಿಮನಿಯ ಒಡತಿ ಅವ್ವ, ಅವಳನ್ನ ಅಲ್ಲಿಂದ ಹೊರಗೆ ಇಟ್ಟವರು ಯಾರು? ಯಾರೂ ಇಟ್ಟಿಲ್ಲ. ತಾನೇ 'ಆಗಿದ್ದಾಳೆ'. ಮಾಡಿದವರೇ ಇಲ್ಲದ ಹಾಗೆ ವಾಕ್ಯ ಕಟ್ಟೋ ಚಾಕಚಕ್ಯತೆ 'ಆಗು' ಅನ್ನೋ ಕ್ರಿಯಾಪದಕ್ಕಿದೆ. ಒಳಗಾಗು, ಹೊರಗಾಗು, ಎರಡರಲ್ಲೂ ಕೈ ಯಾರದು ಅಂತ ಕಾಣಲ್ಲ. ಗಮನಿಸಿ, 'ಹೊರಗೊಳ್ಳು' ಅಂತ ಕನ್ನಡದಲ್ಲಿ ಯಾರೂ ಅನ್ನಲ್ಲ. ಹೊರಗಿಗೆ ಸಿಗೋದು ಹಾಕು, ಇಡು, ದಬ್ಬು.

ಮನೆ ಬಿಟ್ಟು ತಾಲೂಕಿನ ಕಡೆ ನೋಡಿದರೂ ಕಥೆ ಬೇರೆಯಲ್ಲ. ಜೋಯಿಡಾದ ಕಾಡಿನಲ್ಲಿ ಕುಣಬಿಗಳಿದ್ದಾರೆ. ಅವರು ಬೆಳೆಯೋ ಗೆಡ್ಡೆಗೆಣಸಿನ ಮೇಳಕ್ಕೆ ನಮ್ಮಂಥವರು ಕಾರು ತಗೊಂಡು ಹೋಗಿ ಫೋಟೋ ಹಾಕ್ತೀವಿ. 2003ರಲ್ಲಿ ಗೋವಾದ ಕುಣಬಿಗಳು ಪರಿಶಿಷ್ಟ ಪಂಗಡದ ಪಟ್ಟಿಯೊಳಗೆ ಸೇರಿದರು. ಅನಮೋಡ ಘಾಟಿನ ಈಚೆ ಇರೋ ಕುಣಬಿಗಳು ಪಟ್ಟಿಯ ಹೊರಗೆ ಉಳಿದರು, ವರ್ಷಗಟ್ಟಲೆಯಿಂದ ಕೇಳ್ತಾನೇ ಇದ್ದಾರೆ. ಅದೇ 2003ರಲ್ಲಿ ನಮ್ಮ ಉತ್ತರ ಕನ್ನಡದ ಸಿದ್ದಿಗಳು ಪಟ್ಟಿಯೊಳಗೆ ಬಂದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡು ಆ ಸಮುದಾಯದ ಮೊದಲ ಶಾಸಕರಾದರು. ಇಷ್ಟಾದರೂ ನಮ್ಮ ಹಳಿಯಾಳದ ಸಿದ್ದಿ ಹುಡುಗ ಬೆಂಗಳೂರಿಗೆ ಬಂದರೆ ಆಟೋದವರು ಇಂಗ್ಲಿಷಿನಲ್ಲಿ ಮಾತಾಡಿಸ್ತಾರೆ, ಯಾವ ದೇಶ ಅಂತ ಕೇಳ್ತಾರೆ. ಅವನು 'ಹಳ್ಯಾಳರೀ' ಅಂದಾಗ ಅವರ ಮುಖ ನೋಡಬೇಕು. ಪಟ್ಟಿ ಅವನನ್ನ ಒಳಗೊಂಡಿದೆ, ಕಣ್ಣು ಇನ್ನೂ ಒಳಗೊಂಡಿಲ್ಲ.

ಇನ್ನು ಹುಲಿ. 2007ರಲ್ಲಿ ಅಣಶಿ-ದಾಂಡೇಲಿ ಹುಲಿ ಸಂರಕ್ಷಿತ ಪ್ರದೇಶ ಅಂತ ಆಯ್ತು, 2015ರಲ್ಲಿ ಕಾಳಿ ಅಂತ ಹೆಸರು ಬದಲಾಯ್ತು. ಅದರ ನಡುಭಾಗಕ್ಕೆ ಕೋರ್ ಅಂತಾರೆ, ಕಾಡಿನ ಒಳಗಿನ ಒಳಗು. ಅಲ್ಲಿ ತಲೆಮಾರುಗಳಿಂದ ಇದ್ದವರು ಒಂದು ಬೆಳಿಗ್ಗೆ ಎದ್ದಾಗ 'ಒಳಗಿನವರು' ಆಗಿದ್ದರು. ಅಲ್ಲಿಯವರೆಗೆ ಅವರು ಬರೀ ಊರಿನವರು. ಒಳಗಿನವರು ಅಂತ ಕರೆದದ್ದೇ ಹೊರಗೆ ಬನ್ನಿ ಅನ್ನೋದಕ್ಕೆ. ಸ್ವಇಚ್ಛೆಯಿಂದ ಹೊರಬಂದ ಕುಟುಂಬಕ್ಕೆ ಕೊಡೋ ಹಣ 10 ಲಕ್ಷ ಇದ್ದದ್ದು 2021ರಲ್ಲಿ 15 ಲಕ್ಷ ಆಯಿತು. ನಾನು ಇಲ್ಲಿ ಹುಲಿಯ ವಿರುದ್ಧ ಮಾತಾಡ್ತಿಲ್ಲ, ಹಣ ತಗೊಂಡು ಬಂದವರನ್ನೂ ದೂರಲ್ಲ. ಶಾಲೆ, ಆಸ್ಪತ್ರೆ, ರಸ್ತೆ ಬೇಡ ಅಂತ ನಾನು ಎಸಿ ರೂಮಿನಲ್ಲಿ ಕೂತು ಅವರ ಪರವಾಗಿ ಹೇಳೋಕಾಗಲ್ಲ. ಆದರೆ ಅವರು ಅಲ್ಲಿರೋ ತನಕ ಕಾಯ್ದೆಗೆ ಒಳಪಟ್ಟವರು, ಕಾಡು ತಮ್ಮದು ಅಂತ ಒಳಗೊಂಡವರಲ್ಲ. ಸೂಪಾ ಅಣೆಕಟ್ಟು ಕಟ್ಟಿದಾಗ ಇನ್ನೂ ಸರಳವಾಗಿ ಮುಗಿದಿತ್ತು. ತಾಲೂಕಿಗೆ ಹೆಸರು ಕೊಟ್ಟಿದ್ದ ಸೂಪಾ ಊರೇ ಕಾಳಿಯ ನೀರೊಳಗೆ ಹೋಯಿತು, ಜನ ರಾಮನಗರಕ್ಕೆ ಬಂದರು, ತಾಲೂಕು ಜೋಯಿಡಾ ಆಯಿತು. ಸೂಪಾದ ಹಿರಿಯರು 'ನಮ್ಮೂರು ನೀರಾಗ ಐತಿ' ಅಂತಾರೆ. 'ಇತ್ತು' ಅನ್ನಲ್ಲ, 'ಐತಿ' ಅಂತಾರೆ.

ಮುಂಡಗೋಡದ ಟಿಬೆಟಿಯನ್ನರ ಕ್ಯಾಂಪು 1966ರಲ್ಲಿ ಶುರುವಾದದ್ದು. ಅಲ್ಲಿ ಇನ್ನೊಂದು ಥರದ 'ಒಳಗೆ' ಇದೆ, ಕಾಲದ್ದು. ಪೌರತ್ವ ಕಾಯ್ದೆಯ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು. ಒಂದೇ ಮನೆಯಲ್ಲಿ 86ರಲ್ಲಿ ಹುಟ್ಟಿದ ಅಣ್ಣ ಆ 'ಒಳಗೆ'ಯ ಒಳಗೆ ಇರ್ತಾನೆ, ಟಿಬೆಟಿಯನ್ ತಂದೆತಾಯಿಗೇ 88ರಲ್ಲಿ ಹುಟ್ಟಿದ ತಂಗಿ ಇರಲ್ಲ. ಇಬ್ಬರೂ ಊಟ ಮಾಡೋದು ಒಂದೇ ಅಡುಗೆಮನೆಯಲ್ಲಿ.

ಇದನ್ನೆಲ್ಲ ನಾನು ಬರೀತಿರೋದು ಹದಿನಾಲ್ಕನೇ ಮಹಡಿಯಿಂದ. ಗೇಟಿನಲ್ಲಿ ಆ್ಯಪ್ ಇದೆ, ಕೆಲಸದ ಅಕ್ಕ ಬಂದರೆ ನನ್ನ ಫೋನು ಬಡಿಯುತ್ತೆ, ನಾನು ಹಸಿರು ಬಟನ್ ಒತ್ತಿದರೆ ಅವರು ಒಳಗೆ. ಅವರಿಗೆ ಬೇರೆ ಲಿಫ್ಟು, 'ಸರ್ವಿಸ್' ಅಂತ ಬರೆದದ್ದು. ಅದೇ ಲಿಫ್ಟಿನಲ್ಲಿ ನಾಯಿಗಳನ್ನೂ ಕರ್ಕೊಂಡು ಹೋಗಬೇಕು ಅಂತ ನಿಯಮ. ಹಳೇ ಮನೆಯಲ್ಲಿ ಎಮ್ಮಿಯಾದರೂ ಒಳಗಿತ್ತು. ಇಲ್ಲಿ ಇಬ್ಬರಿಗೂ ಒಂದೇ ಬಾಗಿಲು ಮಾಡಿ ಸಮಾನತೆ ತಂದಿದ್ದೀವಿ.

ನಾನೂ ಈ ಊರಿನ ಒಳಗೆ ಬಂದವನೇ. ಬಿಇ ಮುಗಿಸಿ ಬಂದಾಗ 'ಆಫೀಸ್ನ್ಯಾಗ' ಅಂತಿದ್ದೆ. ಕನ್ನಡದವರೇ ನಗ್ತಿದ್ದರು, ಕೆಟ್ಟ ನಗು ಅಲ್ಲ, ಸಿನಿಮಾದ ಹಾಸ್ಯಪಾತ್ರ ಮಾತಾಡಿದಾಗ ನಗೋ ಹಾಗೆ. ಎರಡು ವರ್ಷದಲ್ಲಿ 'ಆಫೀಸಲ್ಲಿ' ಆಯಿತು. ಈಗ ಈ ಲೇಖನ ಬರೀತಿರೋ ಭಾಷೆ ನೋಡಿ, ನಿಮಗೇ ಗೊತ್ತಾಗುತ್ತೆ. ಬೆಂಗಳೂರು ನನ್ನನ್ನ ಒಳಗೊಂಡಿತಾ, ನಾನು ಬೆಂಗಳೂರಿಗೆ ಒಳಗಾದೆನಾ? ಇದನ್ನ ಅಳೆಯೋಕೆ ನನ್ನ ಹತ್ತಿರ ಒಂದು ಸರಳ ಲೆಕ್ಕ ಇದೆ. ಒಳಗೆ ಬಂದಮೇಲೆ ಬದಲಾದದ್ದು ಯಾರು ಅಂತ ನೋಡೋದು. ನನ್ನ ಪ್ರತ್ಯಯ ಬದಲಾಯಿತು. ನನ್ನಂಥ ಸಾವಿರ ಜನ ಬಂದರೂ ಯಾರೂ ಇಲ್ಲಿ 'ಮೀಟಿಂಗಿನ್ಯಾಗ ಅದೀನಿ' ಅನ್ನೋಕೆ ಶುರು ಮಾಡಲಿಲ್ಲ. ಬಂದವನು ಮಾತ್ರ ಬದಲಾಗಿ ಮನೆ ಇದ್ದ ಹಾಗೇ ಇದ್ದರೆ ಅದು ಒಳಗಾಗೋದು. ಮನೆಯೂ ಸ್ವಲ್ಪ ಜರುಗಿ, ಕುರ್ಚಿ ಸರಿಸಿ, ಪಾತ್ರೆ ಬದಲಿಸಿ ಜಾಗ ಮಾಡಿದರೆ ಒಳಗೊಳ್ಳೋದು. ನನ್ನ ಪಾಡು ದೊಡ್ಡ ದುಃಖವಲ್ಲ, ಸಂಬಳ ಬರುತ್ತೆ. ಆದರೆ ಈ ಲೆಕ್ಕ ನನಗೆ ಬಿಟ್ಟು ಬೇರೆಯವರಿಗೆ ಹಾಕೋಕೆ ಹೊರಟಾಗ ಕಷ್ಟ ಶುರುವಾಗುತ್ತೆ.

ಯಾಕಂದರೆ ಈಗ ಊರಲ್ಲಿ ಹೊಸ ಮನೆ ಕಟ್ಟಿಸ್ತಿದ್ದೀವಿ. ಹಳೇದು ಸೋರ್ತಿತ್ತು, ದನ ಮಾರಿ ಆರು ವರ್ಷ ಆಯಿತು, ಗ್ವಾದ್ಲಿಯಲ್ಲಿ ಬೈಕು ನಿಲ್ಲಿಸ್ತಿದ್ದೆವು. ಹುಬ್ಬಳ್ಳಿಯ ಎಂಜಿನಿಯರು ಕೊಟ್ಟ ನಕ್ಷೆಯಲ್ಲಿ ಬಾಗಿಲು ತೆಗೆದರೆ ನೇರ ಹಾಲ್. ಗ್ವಾದ್ಲಿ ಇಲ್ಲ, ಪಡಸಾಲಿ ಇಲ್ಲ, ಕಟ್ಟಿಯೂ ಇಲ್ಲ. ಅವ್ವ ನಕ್ಷೆಯನ್ನ ಫೋನಿನಲ್ಲಿ ದೊಡ್ಡದು ಮಾಡಿ ನೋಡಿ ಕೇಳಿದ ಮೊದಲ ಪ್ರಶ್ನೆ, 'ಆಯಿ ಎಲ್ಲಿ ಕುಂಡ್ರಬೇಕು?'

'ಒಳಗ, ಹಾಲ್‌ನ್ಯಾಗ' ಅಂದೆ. ಅವ್ವನ ಜೊತೆ ನನ್ನ ಪ್ರತ್ಯಯ ತಾನಾಗಿ ವಾಪಸ್ ಬರುತ್ತೆ.

'ಬಾ ಅಂದ್ರ ಬರೂದಿಲ್ಲ ಆಕಿ.'

'ಬಾ ಅಂತ ಎಂದರೆ ಅಂದೀಯೇನ್ ಅವ್ವಾ?'

ಅವ್ವ ಸುಮ್ಮನಾದಳು. ಅಕ್ಕ ಪಕ್ಕದಲ್ಲಿದ್ದಳು, ಅವಳೇ ಬಾಯಿ ಹಾಕಿದಳು: 'ನೀ ಆಕೀನ ಸೋಫಾದ ಮ್ಯಾಲೆ ಕುಂಡ್ರಿಸಿದ್ರ ಸಮಾಧಾನ ಆಗೂದು ಯಾರಿಗೆ? ಆಕಿಗೋ, ನಿನಗೋ?'

ಅಕ್ಕನ ಪ್ರಶ್ನೆಗೆ ನನ್ನ ಹತ್ತಿರ ಪೂರಾ ಉತ್ತರ ಇಲ್ಲ. ಎಪ್ಪತ್ತು ದಾಟಿದ ಹೆಂಗಸನ್ನ ಹಿಡಿದು ತಂದು ಸೋಫಾದ ತುದಿಯಲ್ಲಿ ಕೂರಿಸಿದರೆ, ಅವಳು ಮೈ ಮುದುಡಿಕೊಂಡು ಎದ್ದುಹೋಗೋ ಹೊತ್ತು ಕಾಯ್ತಾಳೆ. ಅದು ಅವಳನ್ನ ನನ್ನ ಒಳ್ಳೆತನಕ್ಕೆ ಒಳಗಾಗಿಸೋದು. 'ಒಳಗ ಬಾ' ಅನ್ನೋ ಮಾತಿನ ಯಜಮಾನ ಆಗಲೂ ನಾನೇ. ಹಾಗಂತ, ಅವಳಿಗೇ ಬೇಡ ಅಂತ ಹೇಳಿ ಕೈ ತೊಳಕೊಳ್ಳೋದು ಇನ್ನೂ ಸುಲಭದ ದಾರಿ. ಊರಿನ ಒಳಗಿರೋರು ನೂರಾರು ವರ್ಷದಿಂದ ಹೇಳಿಕೊಂಡು ಬಂದಿರೋದೂ ಅದನ್ನೇ. ಅಕ್ಕನಿಗೆ ಅಷ್ಟು ಹೇಳಿದೆ. ಅವಳು ಒಪ್ಪಲೂ ಇಲ್ಲ, ವಾದಿಸಲೂ ಇಲ್ಲ. ತಿಂಗಳಿಗೆ ಮೂರು ದಿನ ಹೊರಗಾಗ್ತಿದ್ದವಳು, ಲಗ್ನ ಆದಮೇಲೆ ತನ್ನ ಮನೆಯಲ್ಲಿ ಯಾರಿಗೂ ಹೇಳದೆ ಕೇಳದೆ ಅದನ್ನ ನಿಲ್ಲಿಸಿದವಳು ಅವಳು. ಯಾರೂ ಅವಳನ್ನ ಒಳಗೆ ಕರೆದಿರಲಿಲ್ಲ.

ದೀಪಾವಳಿಗೆ ಹೋದಾಗ ಪಾಯ ಆಗಿತ್ತು. ಆಯಿ ಬಂದಿದ್ದಳು, ಹೊಸ ಪಾಯದ ಕಲ್ಲಿನ ಮೇಲೆ ಕೂತಿದ್ದಳು. ಅದು ಮುಂದೆ ಹಾಲ್ ಆಗೋ ಜಾಗ, ಗೋಡೆ ಏಳದೇ ಇದ್ದದ್ದರಿಂದ ಅವಳಿಗೂ ನಮಗೂ ಅದು ಇನ್ನೂ ಬಯಲು. 'ಮನಿ ಚೊಲೊ ಆಕ್ಕೈತ್ರಿ ಅವ್ವಾರ' ಅಂದಳು. ನಾನು 'ಆಯೀ, ಮನಿ ಆದಮ್ಯಾಲೆ ಇಲ್ಲೇ ಕುಂಡ್ರಬೇಕು ನೀ' ಅಂದೆ. ಅವಳು ಸುತ್ತ ನೋಡಿ, 'ಇಲ್ಲಿ ಗಾಳಿ ಬರತೈತೇನೋ ತಮ್ಮಾ?' ಅಂದಳು.

ಈಗ ಗೋಡೆ ಕಿಟಕಿಯ ಮಟ್ಟಕ್ಕೆ ಬಂದಿದೆ. ಅವ್ವ ಹಟ ಮಾಡಿ ಮುಂದೆ ಕಟ್ಟಿ ಹಾಕಿಸ್ತಿದ್ದಾಳೆ, ನಾಲ್ಕು ಫೂಟು ಅಗಲದ್ದು, ಮೇಲೆ ಶೀಟು, ಎಲ್ಲರೂ ಕೂರೋವಂಥದ್ದು ಅಂತ. ಹೋದ ಭಾನುವಾರ ಫೋನಿನಲ್ಲಿ ಸಿಮೆಂಟಿನ ರೇಟು, ನೀರಿನ ಟ್ಯಾಂಕರು ಎಲ್ಲ ಹೇಳಿ ಕೊನೆಗೆ, 'ಹೊರಗ್ವಾಡ್ಯಾಗ ಮಾಡ ಬ್ಯಾಡ ಅಂತ ಗೌಂಡಿಗೆ ಹೇಳೇನಿ' ಅಂದಳು. ಕಪ್ಪಿನ ಮಾತು ಅವಳು ಎತ್ತಲಿಲ್ಲ, ನಾನೂ ಎತ್ತಲಿಲ್ಲ.